ತಲಕಾಡು: ಹೊಳೆ ಕೊಟ್ಟದ್ದು, ಹೊಳೆ ಮುಚ್ಚಿದ್ದು

(ಒಕ್ಕೂಟದ ಸದಸ್ಯ ಸಂಘಗಳ ಹಾಲು ಉತ್ಪಾದಕರಿಗಾಗಿ ನಡೆದ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಬೆಳಗಿನಿಂದ ತಾವು ಕೆಚ್ಚಲುಬಾವು, ಮಿಶ್ರತಳಿ ಕರುಗಳ ಪಾಲನೆ, ಹಸಿರು ಮೇವು ಇವುಗಳ ಬಗ್ಗೆ ಕೇಳಿದ್ದೀರಿ. ಈಗ ನನಗೆ ವಹಿಸಿರುವ ವಿಷಯ ಒಂದು ಊರಿನ ಕಥೆ. ಹಾಲು ಕರೆಯುವವರಿಗೆ ಊರಿನ ಇತಿಹಾಸ ಏಕೆ ಬೇಕು ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಸಂಘದಲ್ಲಿ ಪ್ರತಿದಿನ ಹಾಲಿನ ಡಿಗ್ರಿ ನೋಡುವ ತಮಗೆ ನಾನು ಹೊಸದಾಗಿ ಹೇಳಬೇಕಾಗಿಲ್ಲ: ಹಸುವಿನ ಶುದ್ಧ ಹಾಲಿನಲ್ಲಿಯೂ ನೂರಕ್ಕೆ ಸುಮಾರು 87 ಭಾಗ ನೀರೇ ಇರುತ್ತದೆ. ಇದು ಹಸು ಬೆರೆಸಿದ ನೀರು, ನಾವು ಬೆರೆಸಿದ್ದಲ್ಲ! ಆ ನೀರು ಹೊಳೆಯಿಂದ, ನಾಲೆಯಿಂದ, ಕೆರೆಯಿಂದ, ಬಾವಿಯಿಂದ ಬಂದದ್ದು. ಹೊಳೆಯ ಕಥೆ ಹಾಲಿನ ಕಥೆಯೂ ಹೌದು. ಆದ್ದರಿಂದ ಹೊಳೆಯಿಂದ ಬಾಳಿದ, ಹೊಳೆಯ ಮರಳಿನಿಂದಲೇ ಹೂತುಹೋದ ಊರೊಂದರ ವಿಚಾರವನ್ನು ಇಂದು ತಮ್ಮ ಮುಂದೆ ಇಡುತ್ತೇನೆ. ಆ ಊರು ತಲಕಾಡು.

ಊರು ಇರುವ ಜಾಗ

ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿ ಕನ್ನಂಬಾಡಿ, ಶ್ರೀರಂಗಪಟ್ಟಣಗಳನ್ನು ದಾಟಿ ತಿರುಮಕೂಡಲು ನರಸೀಪುರಕ್ಕೆ ಬರುತ್ತಾಳೆ. ಅಲ್ಲಿ ನಂಜನಗೂಡಿನ ಕಡೆಯಿಂದ ಬಂದ ಕಪಿಲೆ, ಅಂದರೆ ಕಬಿನಿ, ಅವಳನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಅಲ್ಲಿ ಸೇರುತ್ತದೆ ಎಂಬ ನಂಬಿಕೆಯಿಂದ ಆ ಜಾಗಕ್ಕೆ ತ್ರಿವೇಣಿ ಸಂಗಮ ಎಂಬ ಹೆಸರು. 1989ರಿಂದ ಅಲ್ಲಿ ಕುಂಭಮೇಳ ನಡೆಯುತ್ತಿರುವುದು ತಮಗೆ ಗೊತ್ತೇ ಇದೆ. ಹೀಗೆ ಎರಡು ಹೊಳೆಯ ನೀರನ್ನು ಹೊತ್ತ ಕಾವೇರಿ ಮುಂದೆ ಸಾಗಿ ತಲಕಾಡಿನ ಬಳಿ ಚೂಪಾಗಿ ತಿರುಗುತ್ತಾಳೆ. ಅಲ್ಲಿಂದ ಮುಂದೆ ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುತ್ತಾಳೆ.

ತಲಕಾಡು ಈ ತಿರುವಿನ ಎಡದಂಡೆಯಲ್ಲಿದೆ. ಮೈಸೂರಿನಿಂದ ಸುಮಾರು 45 ಕಿಲೋಮೀಟರ್; ತಿ. ನರಸೀಪುರ ತಾಲ್ಲೂಕಿನ ಹೋಬಳಿ ಕೇಂದ್ರ. ಸಮೀಪದಲ್ಲಿಯೇ ಮುಡುಕುತೊರೆ ಬೆಟ್ಟ. ಆ ಹೆಸರನ್ನು ಒಮ್ಮೆ ಗಮನಿಸಿ. ಮುಡುಕು ಎಂದರೆ ಬಾಗು, ಮೂಲೆ. ತೊರೆ ಎಂದರೆ ಹೊಳೆ. ಹೊಳೆ ಬಾಗಿದ ಜಾಗ ಎಂಬುದನ್ನು ನಮ್ಮ ಹಿರಿಯರು ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ಬೆಟ್ಟದ ಮೇಲಿನ ಮಲ್ಲಿಕಾರ್ಜುನಸ್ವಾಮಿಯ ಜಾತ್ರೆಯ ಕಾಲಕ್ಕೆ ಸೇರುವ ದನಗಳ ಪರಿಷೆ ಹಳೇ ಮೈಸೂರು ಸೀಮೆಯಲ್ಲೆಲ್ಲ ಹೆಸರಾದದ್ದು. ಹಳ್ಳಿಕಾರ್ ಹೋರಿ, ಎತ್ತುಗಳನ್ನು ಹುಡುಕಿಕೊಂಡು ದೂರದ ರೈತರು ಅಲ್ಲಿಗೆ ಬರುವುದುಂಟು. ತಮ್ಮಲ್ಲಿ ಅನೇಕರ ತಂದೆ, ತಾತಂದಿರು ಅಲ್ಲಿಂದ ಜೋಡಿ ಕಟ್ಟಿಕೊಂಡು ಬಂದವರೇ ಇರಬೇಕು.

ಈ ತಿರುವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ತಲಕಾಡಿನ ಏಳು, ಬೀಳುಗಳೆರಡೂ ಅದರಿಂದಲೇ ಬಂದವು.

ರಾಜಧಾನಿಯಾಗಿದ್ದ ಕಾಲ

ತಲ ಮತ್ತು ಕಾಡ ಎಂಬ ಇಬ್ಬರು ಬೇಡ ಸಹೋದರರಿಂದ ಊರಿಗೆ ಈ ಹೆಸರು ಬಂತೆಂದು ಸ್ಥಳಪುರಾಣ ಹೇಳುತ್ತದೆ. ಆನೆಗಳು ಒಂದು ಮರಕ್ಕೆ ಪೂಜೆ ಮಾಡುತ್ತಿದ್ದುದನ್ನು ಕಂಡು ಆ ಮರಕ್ಕೆ ಅವರು ಕೊಡಲಿ ಹಾಕಿದರಂತೆ. ಮರದಿಂದ ರಕ್ತ ಸುರಿಯಿತಂತೆ. ಎಲೆ, ಕಾಯಿಗಳಿಂದ ಆ ಗಾಯವನ್ನು ವಾಸಿಮಾಡಿದಾಗ ಈಶ್ವರನು ಒಲಿದನಂತೆ. ತನ್ನ ಗಾಯಕ್ಕೆ ತಾನೇ ವೈದ್ಯನಾದ ಆ ದೇವರು ವೈದ್ಯೇಶ್ವರ. ಸಂಸ್ಕೃತದಲ್ಲಿ ಬರೆದ ಶಾಸನಗಳಲ್ಲಿ ಊರಿನ ಹೆಸರು ತಲವನಪುರ ಎಂದಿದೆ.

ಇತಿಹಾಸ ಹೇಳುವುದು ಇಷ್ಟು. ಕೋಲಾರದಲ್ಲಿ ರಾಜ್ಯ ಸ್ಥಾಪಿಸಿದ ಗಂಗರು ಹರಿವರ್ಮನ ಕಾಲದಲ್ಲಿ ರಾಜಧಾನಿಯನ್ನು ತಲಕಾಡಿಗೆ ತಂದರು. ಕೋಲಾರ ಒಣಭೂಮಿ, ಕೆರೆಯ ನೀರೇ ಅಲ್ಲಿಗೆ ಗತಿ. ತಲಕಾಡು ವರ್ಷವಿಡೀ ಹರಿಯುವ ಹೊಳೆಯ ದಂಡೆ. ಮೂರು ಕಡೆ ನೀರು ಬಳಸಿದಂತಿರುವ ತಿರುವು ಶತ್ರುಗಳಿಂದ ಕಾಯಲೂ ಅನುಕೂಲ. ಗಂಗರ ನಾಡಿಗೆ ಗಂಗವಾಡಿ 96,000 ಎಂದು ಹೆಸರು. ನಡುವೆ ಮಾನ್ಯಪುರ, ಅಂದರೆ ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆಯಲ್ಲಿಯೂ ಅವರ ಬೀಡಿತ್ತು. ಆದರೂ ತಲಕಾಡಿನ ಗಂಗರು ಎಂದೇ ಅವರು ಪ್ರಸಿದ್ಧರು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಈ ಗಂಗರ ಮಂತ್ರಿ.

ಆ ಕಾಲದ ಸಂಪತ್ತು ಎಂದರೆ ದನವೇ. ನಮ್ಮ ನಾಡಿನ ಅನೇಕ ಹಳ್ಳಿಗಳ ಹೊರಗೆ ಇಂದಿಗೂ ನಿಂತಿರುವ ವೀರಗಲ್ಲುಗಳನ್ನು ತಾವು ನೋಡಿದ್ದೀರಿ. ಅವುಗಳಲ್ಲಿ ಎಷ್ಟೋ ಕಲ್ಲುಗಳು ತುರುಗಾಳಗದಲ್ಲಿ, ಅಂದರೆ ಊರಿನ ದನಗಳನ್ನು ಅಟ್ಟಿಕೊಂಡು ಹೋಗುತ್ತಿದ್ದವರೊಡನೆ ಹೋರಾಡಿ ಮಡಿದವರ ನೆನಪಿಗೆ ನಿಲ್ಲಿಸಿದವು. ರಾಜರಿಗೆ ಗುಡಿಗಳಿದ್ದರೆ ದನ ಕಾದವನಿಗೆ ಕಲ್ಲು ಇತ್ತು. ನಮ್ಮ ಕಸುಬಿನ ಹಿರಿತನಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದು ಅದಕ್ಕೆ ರಾಜರಾಜಪುರ ಎಂದು ಹೆಸರಿಟ್ಟರು. ನೂರು ವರ್ಷಕ್ಕೂ ಮೇಲ್ಪಟ್ಟು ಊರು ಅವರ ಕೈಯಲ್ಲಿತ್ತು. 1116ರಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಅದನ್ನು ಚೋಳರಿಂದ ಬಿಡಿಸಿದ. ಆ ಗೆಲುವಿನ ಸಂಭ್ರಮ ಎಷ್ಟಿತ್ತೆಂದರೆ ವಿಷ್ಣುವರ್ಧನ 'ತಲಕಾಡುಗೊಂಡ' ಎಂಬ ಬಿರುದನ್ನು ಧರಿಸಿ, ತನ್ನ ಚಿನ್ನದ ನಾಣ್ಯದ ಮೇಲೂ ಕನ್ನಡ ಅಕ್ಷರಗಳಲ್ಲಿ ಅದನ್ನು ಅಚ್ಚು ಹಾಕಿಸಿದ. 1117ರಲ್ಲಿ ತಲಕಾಡಿನಲ್ಲಿ ಕೀರ್ತಿನಾರಾಯಣ ದೇವಾಲಯವನ್ನು ಕಟ್ಟಿಸಿದ. ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾದದ್ದೂ ಅದೇ ವರ್ಷ.

ಹೊಯ್ಸಳರ ನಂತರ ಊರು ವಿಜಯನಗರದ ಆಳ್ವಿಕೆಗೆ ಸೇರಿತು. ರಾಜರ ಕಥೆ ಇಲ್ಲಿಗೆ ಸಾಕು. ಇನ್ನು ರೈತರ ಕಥೆಗೆ ಬರೋಣ.

ಮಾಧವಮಂತ್ರಿಯ ಕಟ್ಟೆ

ಹದಿನಾಲ್ಕನೆಯ ಶತಮಾನದಲ್ಲಿ, ವಿಜಯನಗರದ ಆರಂಭದ ದಿನಗಳಲ್ಲಿ, ಮಾಧವಮಂತ್ರಿ ಎಂಬುವರು ತಲಕಾಡಿನ ಸಮೀಪ ಕಾವೇರಿಗೆ ಅಡ್ಡಲಾಗಿ ಕಲ್ಲಿನ ಅಣೆಯೊಂದನ್ನು ಕಟ್ಟಿಸಿದರು. ಇಂದಿಗೂ ಅದು ಮಾಧವಮಂತ್ರಿ ಅಣೆಕಟ್ಟೆ ಎಂದೇ ಹೆಸರಾಗಿದೆ. ಅದರಿಂದ ಹೊರಟದ್ದು ಮಾಧವಮಂತ್ರಿ ನಾಲೆ.

ಅಣೆ ಎಂದರೆ ಕನ್ನಂಬಾಡಿಯಂತೆ ನೀರನ್ನು ಕೂಡಿಡುವ ದೊಡ್ಡ ಜಲಾಶಯವಲ್ಲ. ಹೊಳೆಗೆ ಅಡ್ಡಲಾಗಿ ಕಲ್ಲಿನ ತಗ್ಗಾದ ಏರಿ ಹಾಕುತ್ತಾರೆ. ನೀರಿನ ಮಟ್ಟ ಕೊಂಚ ಏರುತ್ತದೆ. ಏರಿದ ನೀರು ದಂಡೆಯ ಪಕ್ಕದ ನಾಲೆಗೆ ತಿರುಗಿಕೊಳ್ಳುತ್ತದೆ. ಮಿಕ್ಕದ್ದು ಕಟ್ಟೆಯ ಮೇಲೆ ಹರಿದು ಮುಂದೆ ಹೋಗುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಭೂಮಿಯ ಇಳುಕಲೇ ಎಲ್ಲ ಕೆಲಸವನ್ನೂ ಮಾಡುತ್ತದೆ. ಕಾವೇರಿಯ ಉದ್ದಕ್ಕೂ ಇಂಥ ಹಳೆಯ ಅಣೆಗಳು ಹಲವಿವೆ. ನಮ್ಮ ಸೀಮೆಯಲ್ಲಿ ಗದ್ದೆ ಬಯಲು ಹಬ್ಬಿದ್ದು ಕನ್ನಂಬಾಡಿ ಕಟ್ಟುವುದಕ್ಕೆ ಎಷ್ಟೋ ಮೊದಲು, ಇವುಗಳಿಂದ.

ಬಂಧುಗಳೇ, ಈ ನಾಲೆ ತಲಕಾಡಿನ ಸುತ್ತಣ ರೈತರಿಗೆ ಅನ್ನ ಕೊಟ್ಟಿತು. ಬತ್ತ ಬಂತು, ಬತ್ತದ ಜೊತೆ ಹುಲ್ಲು ಬಂತು, ಹುಲ್ಲಿನ ಮೆದೆ ಇದ್ದ ಮನೆಯಲ್ಲಿ ದನ ನಿಂತಿತು. ಆರು ನೂರು ವರ್ಷ ದಾಟಿದ ಮೇಲೂ ನೀರು ಕೊಡುತ್ತಿರುವ ಕಟ್ಟೆಯನ್ನು ಕಟ್ಟಿಸಿದವರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ಆ ಕಟ್ಟೆಗೆ ಇನ್ನೊಂದು ಮುಖವೂ ಇತ್ತು. ಅದು ಕಾಣಿಸಿಕೊಳ್ಳಲು ಬಹಳ ಕಾಲ ಹಿಡಿಯಿತು.

ಶಾಪದ ಕಥೆ

ತಲಕಾಡು ಎಂದ ಕೂಡಲೇ ಯಾರಿಗಾದರೂ ನೆನಪಾಗುವುದು ಅಲಮೇಲಮ್ಮನ ಶಾಪ. 1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯಿಂದ ವಶಪಡಿಸಿಕೊಂಡರು. ಆ ಪ್ರತಿನಿಧಿ ಕಾಯಿಲೆಯಿಂದ ತಲಕಾಡಿಗೆ ಬಂದು ಅಲ್ಲಿಯೇ ತೀರಿಕೊಂಡನೆಂದು ಕಥೆ. ಅವನ ಪತ್ನಿ ಅಲಮೇಲಮ್ಮನ ಬಳಿ ಬೆಲೆಬಾಳುವ ಒಡವೆಗಳಿದ್ದವು. ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಆ ಒಡವೆಗಳನ್ನು ಒಪ್ಪಿಸೆಂದು ಅರಮನೆಯವರು ಬೆನ್ನು ಹತ್ತಿದಾಗ ಆಕೆ ಒಡವೆಗಳ ಸಮೇತ ಮಾಲಂಗಿಯ ಬಳಿ ಕಾವೇರಿಗೆ ಧುಮುಕಿದಳು. ಧುಮುಕುವ ಮುನ್ನ ತಲಕಾಡು ಮರಳಾಗಲೆಂದೂ, ಮಾಲಂಗಿ ಮಡುವಾಗಲೆಂದೂ, ಮೈಸೂರು ದೊರೆಗಳಿಗೆ ಮಕ್ಕಳಾಗದಿರಲೆಂದೂ ಶಪಿಸಿದಳು ಎಂಬುದು ಮನೆಮಾತು.

ಮೂರನೆಯ ಮಾತಿನ ಗೋಜಿಗೆ ನಾವು ಹೋಗುವುದು ಬೇಡ. ಅದು ಅರಮನೆಗೆ ಸೇರಿದ ವಿಚಾರ. ಮೊದಲೆರಡು ಮಾತುಗಳು ಮಾತ್ರ ಹೊಳೆಗೆ ಸೇರಿದವು. ಅವುಗಳನ್ನು ರೈತರ ಕಣ್ಣಿನಿಂದ ನೋಡೋಣ.

ಒಂದೇ ತಿರುವಿನ ಎರಡು ದಡ

ಹೊಳೆಯ ದಂಡೆಯಲ್ಲಿ ಬೆಳೆದ ಯಾರಿಗಾದರೂ ಇದು ತಿಳಿದಿರುತ್ತದೆ: ಹೊಳೆ ಬಾಗುವ ಕಡೆ ಎರಡು ದಡಗಳೂ ಒಂದೇ ಸಮನಾಗಿ ಇರುವುದಿಲ್ಲ. ತಿರುವಿನ ಹೊರಗಡೆಯ ದಡಕ್ಕೆ ನೀರು ರಭಸದಿಂದ ಬಡಿಯುತ್ತದೆ. ಅಲ್ಲಿ ಮಣ್ಣು ಕೊರೆದು ಆಳವಾಗುತ್ತದೆ, ಮಡು ಬೀಳುತ್ತದೆ. ಒಳಗಡೆಯ ದಡದಲ್ಲಿ ನೀರಿನ ವೇಗ ತಗ್ಗುತ್ತದೆ. ತಾನು ಹೊತ್ತು ತಂದ ಮರಳನ್ನು ಹೊಳೆ ಅಲ್ಲಿ ಇಳಿಸುತ್ತದೆ. ದನಗಳನ್ನು ನೀರಿಗೆ ಬಿಡುವಾಗ ತಾವು ಮರಳಿರುವ ಕಡೆಯಿಂದ ಇಳಿಸುತ್ತೀರೇ ಹೊರತು ಮಡುವಿನ ಕಡೆಯಿಂದಲ್ಲ. ಆ ತಿಳಿವಳಿಕೆ ತಮಗೆ ಯಾರೂ ಪಾಠ ಹೇಳಿ ಬಂದದ್ದಲ್ಲ.

ತಲಕಾಡು ಮತ್ತು ಮಾಲಂಗಿ ಕಾವೇರಿಯ ಎದುರುಬದುರು ದಡಗಳಲ್ಲಿವೆ. ಒಂದು ಮರಳಾಗುವುದೂ ಇನ್ನೊಂದು ಮಡುವಾಗುವುದೂ ಎರಡು ಬೇರೆ ಬೇರೆ ಶಾಪಗಳಲ್ಲ. ಒಂದೇ ತಿರುವಿನ ಎರಡು ಕೆಲಸಗಳು. ಆ ಹೆಣ್ಣುಮಗಳ ಸಂಕಟ ಜನರ ಮನಸ್ಸಿನಲ್ಲಿ ಆಳವಾಗಿ ನಿಂತಿತು. ಕಣ್ಣೆದುರಿಗೆ ಊರು ಮುಚ್ಚುತ್ತಿದ್ದುದಕ್ಕೆ ಕಾರಣ ಬೇಕಾಗಿತ್ತು. ಎರಡೂ ಸೇರಿ ಕಥೆಯಾಯಿತು.

ಹಾಗಾದರೆ ಗಂಗರು, ಹೊಯ್ಸಳರ ಕಾಲದಲ್ಲಿಯೂ ಇದೇ ತಿರುವಿತ್ತಲ್ಲ, ಆಗ ಊರು ಏಕೆ ಮುಚ್ಚಲಿಲ್ಲ ಎಂದು ತಾವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಇದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ವಿಜ್ಞಾನಿ ಹಾಗೂ ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು 2007ರಲ್ಲಿ 'ಕರೆಂಟ್ ಸೈನ್ಸ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಈ ವಿಚಾರವನ್ನು ಚರ್ಚಿಸಿದ್ದಾರೆ. ಅವರು ಬೊಟ್ಟು ಮಾಡುವುದು ಮಾಧವಮಂತ್ರಿಯ ಕಟ್ಟೆಯ ಕಡೆಗೆ. ಕಟ್ಟೆಯಿಂದ ನೀರು ನಾಲೆಗೆ ತಿರುಗಿದ ಮೇಲೆ ಹೊಳೆಯ ಹರಿವು ತಗ್ಗಿತು. ಸದಾ ನೀರಿನಡಿ ತೇವವಾಗಿ ಕುಳಿತಿದ್ದ ತಿರುವಿನ ಮರಳು ಬಯಲಿಗೆ ಬಂದು ಬಿಸಿಲಿಗೆ ಒಣಗಿತು. ಒದ್ದೆ ಮರಳನ್ನು ಗಾಳಿ ಎತ್ತಲಾರದು. ಒಣ ಮರಳನ್ನು ಎತ್ತುವುದು ಸುಲಭ. ನೈಋತ್ಯದಿಂದ ಬೀಸುವ ಮುಂಗಾರಿನ ಗಾಳಿ ಆ ಮರಳನ್ನು ಹೊಳೆಯಿಂದೆತ್ತಿ ಊರಿನ ಮೇಲೆ ಹಾಕತೊಡಗಿತು. ಕಟ್ಟೆ ಕಟ್ಟಿದ ವರ್ಷವೇ ಇದು ಆಗಲಿಲ್ಲ. ತಲೆಮಾರುಗಳು ಕಳೆದ ಮೇಲೆ ಆಯಿತು. ಆ ಹೊತ್ತಿಗೆ ಕಟ್ಟೆಗೂ ಮರಳಿಗೂ ಇರುವ ನಂಟು ಯಾರ ನೆನಪಿನಲ್ಲಿಯೂ ಉಳಿದಿರಲಿಲ್ಲ. ಅಲಮೇಲಮ್ಮನ ದುಃಖ ಮಾತ್ರ ಉಳಿದಿತ್ತು.

ವರ್ಷಕ್ಕೆ ಹತ್ತು ಅಡಿ

ಮರಳು ಬರುವ ಬಗೆಯನ್ನು ಸ್ವಲ್ಪ ಯೋಚಿಸಿ. ಪ್ರವಾಹ ಬಂದರೆ ಒಂದೇ ರಾತ್ರಿಯಲ್ಲಿ ಮನೆ ಬೀಳುತ್ತದೆ; ಊರೆಲ್ಲ ಎಚ್ಚರಾಗುತ್ತದೆ; ಸರ್ಕಾರ ಬರುತ್ತದೆ. ಮರಳು ಹಾಗಲ್ಲ. ಇಂದು ಹಿತ್ತಿಲಿನಲ್ಲಿ ಒಂದು ಹಿಡಿ, ನಾಳೆ ಜಗಲಿಯ ಮೇಲೆ ಒಂದು ಹಿಡಿ. ಗುಡಿಸಿ ಹಾಕಿದರಾಯಿತು. ಮುಂದಿನ ವರ್ಷ ಹಿತ್ತಿಲ ಬಾಗಿಲು ತೆರೆಯುವುದಿಲ್ಲ. ಇನ್ನೂ ಕೆಲವು ವರ್ಷಕ್ಕೆ ಮಾಡಿನ ಮಟ್ಟ.

ಮೈಸೂರು ಸಂಸ್ಥಾನದ ಗೆಜೆಟಿಯರನ್ನು ಬರೆದ ಬಿ.ಎಲ್. ರೈಸ್ ಅವರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ದಾಖಲಿಸಿದ್ದಾರೆ. ಸುಮಾರು ಒಂದು ಮೈಲಿ ಉದ್ದಕ್ಕೆ ಹಬ್ಬಿದ ಮರಳ ದಿಬ್ಬಗಳ ಕೆಳಗೆ ಹಳೆಯ ಪಟ್ಟಣ ಪೂರ್ತಿ ಹೂತುಹೋಗಿತ್ತು. ದಿಬ್ಬಗಳು ವರ್ಷಕ್ಕೆ 9ರಿಂದ 10 ಅಡಿಯಂತೆ, ಮುಖ್ಯವಾಗಿ ನೈಋತ್ಯ ಮಾರುತದ ತಿಂಗಳುಗಳಲ್ಲಿ, ಊರಿನತ್ತ ಸರಿಯುತ್ತಿದ್ದವು. ಮೂವತ್ತಕ್ಕೂ ಹೆಚ್ಚು ಗುಡಿಗಳು ಮರಳಿನಡಿ ಇವೆಯೆಂದು ಜನ ಹೇಳುತ್ತಿದ್ದರು. ಊರಿನವರು ಮತ್ತೆ ಮತ್ತೆ ಮನೆ ಬಿಟ್ಟು ಒಳನಾಡಿನ ಕಡೆಗೆ ಹಿಂದೆ ಸರಿಯಬೇಕಾಗುತ್ತಿತ್ತು.

ವರ್ಷಕ್ಕೆ ಹತ್ತು ಅಡಿ ಎಂದರೆ ಏನು? ತಮ್ಮ ಕೊಟ್ಟಿಗೆಯ ಅಗಲ. ಈ ವರ್ಷ ಕೊಟ್ಟಿಗೆ ಹೋಯಿತು, ಬರುವ ವರ್ಷ ಅಡುಗೆಮನೆ, ಅದರ ಮುಂದಿನ ವರ್ಷ ನಡುಮನೆ. ಅಜ್ಜ ಕಟ್ಟಿದ ಮನೆ ಮೊಮ್ಮಗನಿಗೆ ಸಿಗುವುದಿಲ್ಲ.

ಅದೇ ಗೆಜೆಟಿಯರ್ ಇನ್ನೊಂದು ಮಾತನ್ನೂ ಹೇಳುತ್ತದೆ. ಇಷ್ಟೆಲ್ಲ ಆದರೂ ತಲಕಾಡಿನ ಜನಸಂಖ್ಯೆ ಹೆಚ್ಚುತ್ತಲೇ ಇತ್ತಂತೆ. ಕಾರಣ, ಮಾಧವಮಂತ್ರಿ ನಾಲೆಯಿಂದ ಬರುತ್ತಿದ್ದ ಸಮೃದ್ಧವಾದ ಗದ್ದೆ ಬೇಸಾಯ! 1868ರವರೆಗೆ ತಾಲ್ಲೂಕಿಗೇ ತಲಕಾಡಿನ ಹೆಸರಿತ್ತು. ಅನಂತರ ಆ ಹಿರಿಮೆ ನರಸೀಪುರಕ್ಕೆ ಹೋಯಿತು. ಆದರೆ ಜನ ಊರು ಬಿಡಲಿಲ್ಲ. ನಾಲೆಯ ಕಡೆಯ ಗದ್ದೆ ಅನ್ನ ಕೊಡುತ್ತಿತ್ತು, ಹೊಳೆಯ ಕಡೆಯ ಮನೆ ಮರಳಾಗುತ್ತಿತ್ತು. ಗಣೇಶಯ್ಯನವರ ವಿವರಣೆಯನ್ನು ಒಪ್ಪುವುದಾದರೆ ಅನ್ನಕ್ಕೂ ಮರಳಿಗೂ ಮೂಲ ಒಂದೇ ಕಟ್ಟೆ.

ಇದರಿಂದ ಕಟ್ಟೆ ಕಟ್ಟಿದ್ದೇ ತಪ್ಪು ಎಂದು ತಾವು ತಿಳಿಯಬಾರದು. ಕಟ್ಟೆ ಇಲ್ಲದಿದ್ದರೆ ಆ ಸೀಮೆಯಲ್ಲಿ ಅಷ್ಟು ಜನ ಬದುಕುತ್ತಲೇ ಇರಲಿಲ್ಲ. ನಾನು ಹೇಳುವುದು ಇಷ್ಟೇ: ಹೊಳೆಯಿಂದ ನಾವು ಏನನ್ನಾದರೂ ತೆಗೆದುಕೊಂಡಾಗ ಅದರ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಇನ್ನೊಂದು ದಡದಲ್ಲಿ, ಇನ್ನೊಂದು ತಲೆಮಾರಿಗೆ, ಆ ಲೆಕ್ಕ ಬರುತ್ತದೆ.

ಮರಳನ್ನು ಕಟ್ಟಿದವರು

ಮರಳಿನ ನಡುವೆಯೂ ಜನ ತಮ್ಮ ದೇವರನ್ನು ಕೈಬಿಡಲಿಲ್ಲ. ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ವಿಜಯಾಪುರದ ಅರ್ಕೇಶ್ವರ, ಮುಡುಕುತೊರೆಯ ಮಲ್ಲಿಕಾರ್ಜುನ ಈ ಐದು ಲಿಂಗಗಳ ದರ್ಶನವನ್ನು ಒಂದೇ ದಿನ ಮಾಡುವುದಕ್ಕೆ ಪಂಚಲಿಂಗ ದರ್ಶನ ಎಂದು ಹೆಸರು. ಕಾರ್ತಿಕ ಮಾಸದಲ್ಲಿ ವಿಶಿಷ್ಟ ಯೋಗ ಕೂಡಿಬಂದ ಸೋಮವಾರ ಅದು ನಡೆಯುತ್ತದೆ. 1993, 2006, 2009, 2013 ಮತ್ತು 2020ರಲ್ಲಿ ಅದು ನಡೆಯಿತು. ಹಿಂದೆ ದರ್ಶನಕ್ಕೆ ಮೊದಲು ಮರಳಿನಲ್ಲಿ ಹೂತ ಗುಡಿಗಳನ್ನು ಬಿಡಿಸುವುದೇ ದೊಡ್ಡ ಕೆಲಸವಾಗಿತ್ತು. ಜನ ಸೇರಿ ಮರಳು ಹೊರುತ್ತಿದ್ದರು. ಗಾಳಿ ಮತ್ತೆ ತುಂಬುತ್ತಿತ್ತು. ಮುಂದಿನ ದರ್ಶನಕ್ಕೆ ಮತ್ತೆ ಹೊರುತ್ತಿದ್ದರು.

ಇಂದು ತಲಕಾಡಿಗೆ ಹೋದವರು ಗುಡಿಗಳನ್ನು ನೋಡಲು ಮೆಟ್ಟಿಲಿಳಿದು ಹೋಗಬೇಕು. ನೆಲದ ಮೇಲೆ ಕಟ್ಟಿದ ಗುಡಿಗೆ ಹಳ್ಳಕ್ಕಿಳಿದಂತೆ ಇಳಿಯುವಾಗ ಮರಳು ಎಷ್ಟು ಎತ್ತರಕ್ಕೆ ಬಂದಿತ್ತೆಂಬುದು ಕಾಲಿಗೇ ತಿಳಿಯುತ್ತದೆ. ಕೀರ್ತಿನಾರಾಯಣ ದೇವಾಲಯವನ್ನು ಮರಳಿನಿಂದ ಬಿಡಿಸಿ ಕಾಪಾಡಲಾಗಿದೆ. 1990ರ ದಶಕದ ಆರಂಭದಲ್ಲಿ ಪುರಾತತ್ವ ಇಲಾಖೆಯವರು ಉತ್ಖನನ ನಡೆಸಿ ಊರಿನ ಹಳೆಯ ನೆಲೆಗಳನ್ನು ಹೊರತೆಗೆದರು.

ಆದರೆ ಮರಳನ್ನು ಹತೋಟಿಗೆ ತಂದದ್ದು ಗುದ್ದಲಿ, ಪುಟ್ಟಿಗಳಲ್ಲ, ಮರ. ಅರಣ್ಯ ಇಲಾಖೆಯವರು ದಿಬ್ಬಗಳ ಮೇಲೆ ಗಿಡ ನೆಟ್ಟು ಬೆಳೆಸಿದರು. ಬೇರು ಮರಳನ್ನು ಹಿಡಿಯಿತು. ಎಲೆ, ಕೊಂಬೆ ಗಾಳಿಯನ್ನು ತಡೆದವು. ಉದುರಿದ ತರಗು ನೆಲವನ್ನು ಹೊದಿಸಿತು. ಹೊತ್ತು ಹಾಕಿದ ಮರಳನ್ನು ಗಾಳಿ ಮರಳಿ ತರಬಲ್ಲದು, ಬೇರು ಹಿಡಿದ ಮರಳನ್ನು ತರಲಾರದು. ತಲಕಾಡಿನಿಂದ ನಾವು ಕಲಿಯಬೇಕಾದ ಮೊದಲ ಪಾಠ ಇದು.

ನಮ್ಮ ಊರು, ನಮ್ಮ ಹೊಳೆ

ಇನ್ನು ನಮ್ಮ ವಿಚಾರಕ್ಕೆ ಬರುತ್ತೇನೆ. ತಮ್ಮ ಊರಿನ ಪಕ್ಕ ಕಾವೇರಿಯೇ ಇರಬೇಕಾಗಿಲ್ಲ. ಲಕ್ಷ್ಮಣತೀರ್ಥ ಇರಬಹುದು, ಕಪಿಲೆ ಇರಬಹುದು, ಸುವರ್ಣಾವತಿ ಇರಬಹುದು, ಹೆಸರಿಲ್ಲದ ಹಳ್ಳವೂ ಇರಬಹುದು. ಹಾಲು ಕೊಡುವ ಒಂದು ಮಿಶ್ರತಳಿ ಹಸುವಿಗೆ ಕುಡಿಯಲು ದಿನಕ್ಕೆ 60, 70 ಲೀಟರ್ ನೀರು ಬೇಕು; ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮೈ ತೊಳೆಯಲು, ಕೊಟ್ಟಿಗೆ ತೊಳೆಯಲು, ಮೇವು ಬೆಳೆಯಲು ಬೇಕಾದ ನೀರು ಬೇರೆ. ತಮ್ಮ ಸಂಘದಲ್ಲಿ ಎಷ್ಟು ಕರೆಯುವ ಹಸುಗಳಿವೆಯೋ ಲೆಕ್ಕ ಹಾಕಿ ನೋಡಿ. ಹೊಳೆ ಬತ್ತಿದರೆ ಮೊದಲು ಬತ್ತುವುದು ಕೆಚ್ಚಲು.

ಮರಳಿನ ವಿಚಾರದಲ್ಲಿ ಇಂದು ನಮ್ಮ ಹೊಳೆಗಳಿಗೆ ತಲಕಾಡಿಗಿಂತ ತಲೆಕೆಳಗಾದ ಸ್ಥಿತಿ ಬಂದಿದೆ. ಅಲ್ಲಿ ಮರಳು ಹೆಚ್ಚಾಗಿ ಊರು ಮುಚ್ಚಿತು. ನಮ್ಮಲ್ಲಿ ಮರಳನ್ನು ತೆಗೆದೂ ತೆಗೆದೂ ಹೊಳೆಯ ಪಾತ್ರ ಬರಿದಾಗುತ್ತಿದೆ. ಹೊಳೆಯೊಳಗಿನ ಮರಳು ಹೊರೆಯಲ್ಲ. ಅದು ನೀರನ್ನು ಹೀರಿಟ್ಟುಕೊಂಡು ಬೇಸಿಗೆಯಲ್ಲಿ ದಂಡೆಯ ಬಾವಿಗಳಿಗೆ ಬಿಡುವ ತೊಟ್ಟಿ. ಹೊಳೆ ಬತ್ತಿದಾಗ ಮರಳಿನಲ್ಲಿ ಒರತೆ ತೋಡಿ ದನಕ್ಕೆ ನೀರು ಕುಡಿಸಿದವರು ಇಲ್ಲಿಯೇ ಇದ್ದೀರಿ. ಆ ಮರಳು ಲಾರಿಯಲ್ಲಿ ಹೋದ ಮೇಲೆ ಒರತೆಯೂ ಇಲ್ಲ. ಗುಂಡಿಗಳು ಬಿದ್ದ ಹೊಳೆಗೆ ದನ ಇಳಿಸುವುದೂ ಅಪಾಯ. ಮಕ್ಕಳಿಗಂತೂ ಇನ್ನೂ ಅಪಾಯ. ಈಗ ಕಟ್ಟಡಕ್ಕೆ ಕಲ್ಲು ಪುಡಿ ಮಾಡಿದ ಎಂ-ಸ್ಯಾಂಡ್ ಸಿಗುತ್ತದೆ. ಸಂಘದ ಕಟ್ಟಡ ಕಟ್ಟುವಾಗ, ಕೊಟ್ಟಿಗೆಗೆ ಗಾರೆ ಹಾಕಿಸುವಾಗ ಅದನ್ನೇ ಕೇಳಿ ತನ್ನಿ. ರಾತ್ರಿ ವೇಳೆ ಅಗ್ಗಕ್ಕೆ ಬರುವ ಹೊಳೆ ಮರಳನ್ನು ಬೇಡವೆನ್ನಿ. ಅದು ಅಗ್ಗವಲ್ಲ, ಬೆಲೆಯನ್ನು ತಮ್ಮದೇ ಬಾವಿ ತೆರುತ್ತದೆ.

ಎರಡನೆಯದು ದಡ. ಹೊಳೆಯಂಚಿನವರೆಗೆ ಉಳುವ ಆಸೆ ಯಾರನ್ನೂ ಬಿಟ್ಟಿಲ್ಲ. ಎರಡು ಸಾಲು ಹೆಚ್ಚು ಬೆಳೆಯಲು ಹೋಗಿ ದಂಡೆಯ ಮರ ಕಡಿದರೆ, ಮುಂದಿನ ಪ್ರವಾಹದಲ್ಲಿ ಹತ್ತು ಸಾಲು ಹೊಳೆ ಪಾಲಾಗುತ್ತದೆ. ಕಬಿನಿಯಿಂದ ಹೆಚ್ಚು ನೀರು ಬಿಟ್ಟ ವರ್ಷಗಳಲ್ಲಿ ಕೆಳಗಿನ ಊರಿನವರು ಇದನ್ನು ಕಂಡಿದ್ದಾರೆ. ಹೊಳೆಮತ್ತಿ, ಹೊಂಗೆ, ನೇರಳೆ, ಬಿದಿರು ಇವು ದಂಡೆಯ ಕಾವಲುಗಾರರು. ಅವುಗಳ ಹಿಂದಿನ ಸಾಲಿನಲ್ಲಿ, ತಮ್ಮ ಹಿಡುವಳಿಯ ಬದುವಿನ ಮೇಲೆ, ಅಗಸೆ, ಗ್ಲಿರಿಸಿಡಿಯಾದಂಥ ಮೇವಿನ ಗಿಡಗಳನ್ನೂ ನೇಪಿಯರ್, ಗಿನಿ ಹುಲ್ಲನ್ನೂ ಬೆಳೆಸಿ. ಬೇರು ಮಣ್ಣನ್ನು ಹಿಡಿಯುತ್ತದೆ, ಸೊಪ್ಪು, ಹುಲ್ಲು ಹಸುವಿಗೆ ಆಗುತ್ತದೆ.

ಮೂರನೆಯದು ಕೊಟ್ಟಿಗೆಯ ಗಂಜಲ, ಸಗಣಿ. ಇವು ಭೂಮಿಗೆ ಬಿದ್ದರೆ ಬಂಗಾರ, ಹೊಳೆಗೆ ಬಿದ್ದರೆ ಕಸ. ಕೊಟ್ಟಿಗೆ ತೊಳೆದ ನೀರನ್ನು ನಾಲೆಗೆ ಬಿಡದೆ ತಿಪ್ಪೆಗುಂಡಿಗೋ ಗೋಬರ್ ಗ್ಯಾಸ್ ತೊಟ್ಟಿಗೋ ಮೇವಿನ ತಾಕಿಗೋ ತಿರುಗಿಸಿ. ಉಣ್ಣೆಗೆ ಹಚ್ಚುವ ಔಷಧದ ಡಬ್ಬಿಯನ್ನು, ಬ್ರಷ್ಷನ್ನು ಎಂದಿಗೂ ಹೊಳೆಯಲ್ಲಿ ತೊಳೆಯಬೇಡಿ. ಔಷಧ ಹಚ್ಚಿದ ದನವನ್ನು ಕೂಡಲೇ ನೀರಿಗೆ ಇಳಿಸಬೇಡಿ. ಉಣ್ಣೆಗೆ ವಿಷವಾದದ್ದು ಮೀನಿಗೂ ವಿಷ. ಅದೇ ನೀರನ್ನು ಕೆಳಗಿನ ಊರಿನ ಹಸು ಕುಡಿಯುತ್ತದೆ.

ಒಬ್ಬರಿಂದ ಆಗದ ಕೆಲಸ

ತಲಕಾಡಿನಲ್ಲಿ ಪ್ರತಿ ಮನೆಯವರೂ ತಮ್ಮ ಜಗಲಿಯ ಮರಳನ್ನು ಗುಡಿಸಿದರು. ಅದರಿಂದ ಊರು ಉಳಿಯಲಿಲ್ಲ. ದಿಬ್ಬದ ಉದ್ದಕ್ಕೂ ಸಾಲಾಗಿ ಗಿಡ ಬೆಳೆದ ಮೇಲೆ ಉಳಿಯಿತು. ತಮ್ಮ ಕೆಲಸದಲ್ಲಿಯೂ ಹೀಗೆಯೇ ಅಲ್ಲವೇ? ಸಂಘ ಇಲ್ಲದ ಕಾಲದಲ್ಲಿ ಒಬ್ಬೊಬ್ಬರೇ ಪಾತ್ರೆ ಹೊತ್ತು ಹೋಟೆಲಿನ ಬಾಗಿಲಿಗೆ ಹೋಗಿ ಕೊಟ್ಟಷ್ಟಕ್ಕೆ ಹಾಲು ಸುರಿದು ಬರುತ್ತಿದ್ದ ಕಥೆಯನ್ನು ಹಿರಿಯರಿಂದ ತಾವು ಕೇಳಿದ್ದೀರಿ. 1974ರಲ್ಲಿ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಆರಂಭವಾಗಿ, ಆನಂದ್ ಮಾದರಿಯ ಸಂಘಗಳು ಹಳ್ಳಿಹಳ್ಳಿಗೆ ಬಂದ ಮೇಲೆ ಅಳತೆ ಬಂತು, ಜಿಡ್ಡಿಗೆ ತಕ್ಕ ಬೆಲೆ ಬಂತು, ಬಟವಾಡೆ ಬಂತು. ಒಬ್ಬರ ಎರಡು ಲೀಟರಿಗೆ ಇಲ್ಲದ ಬಲ ಊರಿನ ಕ್ಯಾನುಗಳಿಗೆ ಬಂತು.

ಹಾಲಿಗೆ ಆದದ್ದು ಹೊಳೆಗೆ ಏಕೆ ಆಗಬಾರದು? ಈ ವರ್ಷದ ತಮ್ಮ ಸಂಘದ ಸರ್ವಸದಸ್ಯರ ಸಭೆಯಲ್ಲಿ ಜಮಾಖರ್ಚು ಓದಿ, ಬೋನಸ್ ಹಂಚಿ, ಕಾಫಿ ಕುಡಿದು ಏಳುವ ಮುನ್ನ ಹತ್ತು ನಿಮಿಷವನ್ನು ಹೊಳೆಗೆ ಕೊಡಿ. ನಮ್ಮ ದನ ನೀರು ಕುಡಿಯುವ ಕಡವು ಯಾವ ಸ್ಥಿತಿಯಲ್ಲಿದೆ? ಗೋಮಾಳ ಎಷ್ಟು ಉಳಿದಿದೆ? ದಂಡೆಯಲ್ಲಿ ಮರ ಎಲ್ಲಿ ಹೋಗಿದೆ? ಈ ಮೂರೇ ಪ್ರಶ್ನೆ ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಿ. ಗ್ರಾಮಸಭೆಯಲ್ಲಿ ಸಂಘದ ಹೆಸರಿನಲ್ಲಿ ಅದನ್ನು ಮುಂದಿಡಿ. ನೂರು ಜನ ಸದಸ್ಯರು ರುಜು ಹಾಕಿದ ಕಾಗದವನ್ನು ಯಾರೂ ಸುಲಭವಾಗಿ ಪಕ್ಕಕ್ಕಿಡುವುದಿಲ್ಲ. ಮಳೆಗಾಲದ ಮೊದಲಲ್ಲಿ ಸದಸ್ಯರು ಮನೆಗೊಂದರಂತೆ ಗಿಡ ನೆಟ್ಟು, ಎರಡು ಬೇಸಿಗೆ ನೀರು ಹಾಕಿ, ಎಳೆಗಿಡಕ್ಕೆ ದನ ಬಾಯಿ ಹಾಕದಂತೆ ಬೇಲಿ ಕಟ್ಟಿದರೆ ಸಾಕು. ಮೂರನೆಯ ವರ್ಷ ಅದು ತಾನೇ ನಿಲ್ಲುತ್ತದೆ.

ಮಾಧವಮಂತ್ರಿಯ ಕಾಲದವರಿಗೆ ಕಟ್ಟೆಯ ಕೆಳಗೆ ಮುಂದೇನಾದೀತು ಎಂದು ತಿಳಿಯುವ ದಾರಿ ಇರಲಿಲ್ಲ. ನಮಗೆ ಇದೆ. ತಲಕಾಡನ್ನೇ ನಮ್ಮ ಕಣ್ಣ ಮುಂದೆ ತೆರೆದಿಟ್ಟಿದ್ದಾರೆ. ಅವಕಾಶವಾದಾಗ ತಮ್ಮ ಸಂಘದಿಂದ ಒಂದು ದಿನದ ಪ್ರವಾಸ ಹೊರಟು ಅಲ್ಲಿಗೆ ಹೋಗಿ ಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಕೀರ್ತಿನಾರಾಯಣನಿಗೆ ಕೈಮುಗಿದ ಮೇಲೆ ದಿಬ್ಬ ಹತ್ತಿ ಒಂದು ಕಡೆ ನಾಲೆಯ ಗದ್ದೆ ಬಯಲನ್ನೂ ಇನ್ನೊಂದು ಕಡೆ ಹೊಳೆಯ ಮರಳನ್ನೂ ಅವರಿಗೆ ತೋರಿಸಿ. ಎರಡಕ್ಕೂ ಇರುವ ನಂಟನ್ನು ತಾವೇ ಬಿಡಿಸಿ ಹೇಳಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದೀರಿ. ಸಂಜೆ ಹಾಲು ಕರೆಯುವ ಹೊತ್ತಾಯಿತು; ತಮ್ಮನ್ನು ಇನ್ನು ತಡೆಯುವುದು ಸರಿಯಲ್ಲ.